ಎಡಿಸಿ ಡ್ರೈವರ್ ತಪ್ಪು ಅಂಕಿ ಕೊಟ್ಟಾಗ: ತಂತಿಯಿಂದ ಕೋಡ್‌ವರೆಗೆ ದೋಷ ಹುಡುಕುವ ಬಗೆ

ಕರ್ನಲ್ ಡ್ರೈವರ್ (ಚಿಪ್ಪನ್ನು ಓಡಿಸುವ, ಆಪರೇಟಿಂಗ್ ಸಿಸ್ಟಮ್ ಒಳಗಿನ ಕೋಡ್) ಪರಿಶೀಲಿಸಲು ಕೂತವರು ಸಾಮಾನ್ಯವಾಗಿ ಫೈಲಿನ ಮೊದಲ ಸಾಲಿನಿಂದ ಓದುತ್ತಾ ಹೋಗುತ್ತಾರೆ. ಪೂರ್ತಿ ಓದಿ ಮುಗಿಸಿದರೂ ಎಲ್ಲ ಸರಿಯಾಗಿಯೇ ಕಾಣುತ್ತದೆ, ಬೋರ್ಡಿನ ಮೇಲೆ ಮಾತ್ರ ರೀಡಿಂಗ್ ತಪ್ಪು. ಅನಲಾಗ್ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಸಿ ಚಿಪ್‌ಗಳಲ್ಲಿ ಈ ಕ್ರಮವನ್ನು ತಿರುಗಿಸಿಕೊಂಡರೆ ಕೆಲಸ ಬೇಗ ಆಗುತ್ತದೆ. ಅಂಕಿ ತಪ್ಪಿದೆ ಅನ್ನುವುದಷ್ಟೇ ಸಾಲದು, ಯಾವ ರೀತಿ ತಪ್ಪಿದೆ ಅಂತ ಮೊದಲು ನೋಡಿ. ಸದಾ ಎರಡು ಪಟ್ಟು ಬರುವ ರೀಡಿಂಗ್, ಮೊದಲ ಸಲ ಮಾತ್ರ ಹಳತಾಗಿ ಬರುವ ರೀಡಿಂಗ್, ಪಕ್ಕದ ಚಾನೆಲ್‌ನದ್ದೇ ಬರುವ ರೀಡಿಂಗ್ – ಇವು ಮೂರಕ್ಕೂ ಕೋಡ್‌ನಲ್ಲಿ ತೆರೆಯಬೇಕಾದ ಜಾಗ ಬೇರೆ ಬೇರೆ. ಎಷ್ಟೋ ಸಲ ಕೋಡನ್ನು ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಲಿನಕ್ಸ್‌ನಲ್ಲಿ ಎಡಿಸಿ, ಸೆನ್ಸರ್‌ಗಳನ್ನು ನೋಡಿಕೊಳ್ಳುವ ಐಐಓ ಉಪವ್ಯವಸ್ಥೆಯ ಎರಡು ಡ್ರೈವರ್‌ಗಳು. ಒಂದು ಎಂಸಿಪಿ320ಎಕ್ಸ್; ಎಸ್‌ಪಿಐ ಬಸ್ಸಿನ (ಬಸ್ ಅಂದರೆ ಚಿಪ್ ಮತ್ತು ಬೋರ್ಡ್ ಮಾತಾಡುವ ತಂತಿಗಳ ಗುಂಪು) ಎಂಸಿಪಿ3008 ಚಿಪ್ಪನ್ನು ಓಡಿಸುವುದು ಇದೇ. ಆ ಚಿಪ್ 10 ಬಿಟ್, 8 ಚಾನೆಲ್‌ನದು. ಇನ್ನೊಂದು ಟಿಐ-ಎಡಿಎಸ್1015, ಐ2ಸಿ ಬಸ್ಸಿನ 12 ಬಿಟ್‌ನ ಎಡಿಎಸ್1015 ಮತ್ತು 16 ಬಿಟ್‌ನ ಎಡಿಎಸ್1115 ಎರಡನ್ನೂ ಇದು ನೋಡಿಕೊಳ್ಳುತ್ತದೆ. ಬೇರೆ ಚಿಪ್ ಆದರೂ ಲಕ್ಷಣಗಳು ಹೆಚ್ಚು ಕಡಿಮೆ ಇವೇ.

ಕೈಯಲ್ಲಿ ಇರಬೇಕಾದವು: ಒಂದು ಮಲ್ಟಿಮೀಟರ್, 10 ಕಿಲೋಓಮ್‌ನ ಒಂದು ಪಾಟ್ (ತಿರುಗಿಸಿ ವೋಲ್ಟೇಜ್ ಬದಲಿಸುವ ರೆಸಿಸ್ಟರ್), ನಾಲ್ಕಾರು ಜಂಪರ್ ವೈರ್, ಚಿಪ್‌ನ ಡೇಟಾಶೀಟ್. ತಂತಿಯ ಮೇಲಿನ ಸಂಕೇತ ತೋರಿಸುವ ಲಾಜಿಕ್ ಅನಲೈಸರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಮುಕ್ಕಾಲು ಕೆಲಸ ನಡೆಯುತ್ತದೆ.

ಮುಟ್ಟುವ ಮುಂಚೆ

ಎಂಸಿಪಿ3008ಕ್ಕೆ 5 ವೋಲ್ಟ್ ಕೊಟ್ಟರೆ ಅದರ ಡೇಟಾ ಔಟ್ ಪಿನ್ ಕೂಡ 5 ವೋಲ್ಟ್ ಹೊರಹಾಕುತ್ತದೆ. ರಾಸ್‌ಬೆರಿ ಪೈನಂಥ ಬೋರ್ಡ್‌ಗಳ ಜಿಪಿಐಓ (ಹೊರಗಿನ ಚಿಪ್ ಜೋಡಿಸುವ ಪಿನ್) 3.3 ವೋಲ್ಟ್‌ನದು, 5 ವೋಲ್ಟ್ ತಡೆಯುವುದಿಲ್ಲ. ಚಿಪ್‌ಗೂ 3.3 ವೋಲ್ಟನ್ನೇ ಕೊಡಿ, ಇಲ್ಲವೇ ನಡುವೆ ವೋಲ್ಟೇಜ್ ಹೊಂದಿಸುವ ಲೆವೆಲ್ ಶಿಫ್ಟರ್ ಹಾಕಿ.

ಎಡಿಎಸ್1115ರಲ್ಲಿ ±6.144 ವೋಲ್ಟ್ ಅನ್ನುವ ರೇಂಜ್ ಇದೆ. ಅದನ್ನು ನೋಡಿ 6 ವೋಲ್ಟ್ ಕೊಡಬೇಡಿ. ಅದು ಲೆಕ್ಕದ ರೇಂಜ್ ಮಾತ್ರ. ಇನ್‌ಪುಟ್ ಪಿನ್‌ಗೆ ಚಿಪ್‌ನ ಪೂರೈಕೆ ವೋಲ್ಟೇಜಿಗಿಂತ 0.3 ವೋಲ್ಟ್‌ಗಿಂತ ಹೆಚ್ಚು ಹೋಗಬಾರದು. ಮನೆಯ ಕರೆಂಟಿಗೆ ನೇರ ಸಂಬಂಧವಿರುವ ಯಾವ ಸರ್ಕ್ಯೂಟನ್ನೂ, ಅದರ ಡಿವೈಡರ್ (ವೋಲ್ಟೇಜ್ ಇಳಿಸುವ ರೆಸಿಸ್ಟರ್ ಜೋಡಿ) ಎಷ್ಟೇ ಚೆನ್ನಾಗಿರಲಿ, ಟೇಬಲ್ ಮೇಲಿನ ಬೋರ್ಡಿಗೆ ಜೋಡಿಸಿಕೊಂಡು ಡ್ರೈವರ್ ಪರೀಕ್ಷೆ ಮಾಡಬೇಡಿ. ಪರೀಕ್ಷೆಗೆ ಪಾಟ್ ಸಾಕು.

ಇನ್ನೊಂದು ಎಚ್ಚರಿಕೆ ಸಾಫ್ಟ್‌ವೇರ್‌ನದು. ಕೆಲವು ಬೋರ್ಡ್‌ಗಳಲ್ಲಿ ಬ್ಯಾಟರಿ ಚಾರ್ಜಿಂಗ್, ಫ್ಯಾನ್, ತಾಪ ಹೆಚ್ಚಾದಾಗ ಆಫ್ ಆಗುವ ವ್ಯವಸ್ಥೆ ಎಲ್ಲವೂ ಇದೇ ಎಡಿಸಿಯ ರೀಡಿಂಗ್ ನಂಬಿಕೊಂಡಿರುತ್ತವೆ. ಅಂಥ ಬೋರ್ಡಿನಲ್ಲಿ ಡ್ರೈವರನ್ನು ಅನ್‌ಬೈಂಡ್ ಮಾಡುವ (ಚಿಪ್‌ನಿಂದ ಬಿಡಿಸುವ) ಮುಂಚೆ ಅದನ್ನು ಯಾರು ಬಳಸುತ್ತಿದ್ದಾರೆ ಅಂತ ಡಿವೈಸ್ ಟ್ರೀಯಲ್ಲಿ (ಬೋರ್ಡಿನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳುವ ವಿವರಪಟ್ಟಿ) ಹುಡುಕಿ.

ಲಕ್ಷಣ: ಐಐಓ ಡಿವೈಸ್ ಕಾಣಿಸುವುದೇ ಇಲ್ಲ

ಸಿಸ್‌ಎಫ್‌ಎಸ್‌ನ (ಕರ್ನಲ್ ಡಿವೈಸ್‌ಗಳನ್ನು ಫೈಲ್‌ಗಳಾಗಿ ತೋರಿಸುವ ಜಾಗ) ಐಐಓ ಬಸ್ ಫೋಲ್ಡರ್‌ನಲ್ಲಿ ಡಿವೈಸ್ ಮೂಡಿಲ್ಲ ಅಂದರೆ ಮೊದಲ ಕೆಲಸ ಮಲ್ಟಿಮೀಟರ್‌ನದು. ವೋಲ್ಟೇಜನ್ನು ಬ್ರೆಡ್‌ಬೋರ್ಡ್‌ನ ಕೆಂಪು ಗೆರೆಯ ಮೇಲೆ ಅಳೆಯಬೇಡಿ, ಚಿಪ್‌ನ ಪಿನ್ ಮೇಲೆಯೇ ಅಳೆಯಿರಿ.

ಐ2ಸಿ ಚಿಪ್ ಆದರೆ ಬಸ್ಸಿನ ಮೇಲಿನ ಚಿಪ್‌ಗಳನ್ನು ಹುಡುಕುವ ಐ2ಸಿಡಿಟೆಕ್ಟ್ ಓಡಿಸಿ ವಿಳಾಸ ನೋಡಿ. ಎಡಿಎಸ್1115ರ ಎಡಿಡಿಆರ್ ಪಿನ್ ಗ್ರೌಂಡಿಗಿದ್ದರೆ ಹೆಕ್ಸ್ 48, ಪೂರೈಕೆಗಿದ್ದರೆ 49, ಎಸ್‌ಡಿಎ ಡೇಟಾ ತಂತಿಗೆ ಇದ್ದರೆ 4ಎ, ಎಸ್‌ಸಿಎಲ್ ಕ್ಲಾಕ್ ತಂತಿಗೆ ಇದ್ದರೆ 4ಬಿ. ಆ ಜಾಗದಲ್ಲಿ ಅಂಕಿಯ ಬದಲು ‘ಯುಯು’ ಕಂಡರೆ ಡ್ರೈವರ್ ಆಗಲೇ ಆ ವಿಳಾಸ ಹಿಡಿದುಕೊಂಡಿದೆ ಎಂದರ್ಥ, ಅದು ದೋಷವಲ್ಲ. ಪವರ್ ಮ್ಯಾನೇಜ್‌ಮೆಂಟ್ ಚಿಪ್ ಕೂತಿರುವ ಬಸ್ಸಿನ ಮೇಲೆ ಮಾತ್ರ ಈ ಸ್ಕ್ಯಾನ್ ಓಡಿಸಬೇಡಿ. ಕೆಲವು ಚಿಪ್‌ಗಳು ಇಂಥ ತಡಕಾಟವನ್ನು ಆದೇಶ ಅಂತ ತಿಳಿದುಕೊಳ್ಳುತ್ತವೆ.

ವಿಳಾಸ ಸರಿಯಿದ್ದೂ ಡಿವೈಸ್ ಇಲ್ಲದಿದ್ದರೆ ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ಪಟ್ಟಿ) ನೋಡಿ. −121 ಅಥವಾ −6 ಎಂಬ ದೋಷಸಂಖ್ಯೆ ಬಂದರೆ ಬಹುಮಟ್ಟಿಗೆ ಚಿಪ್ ಉತ್ತರಿಸಲಿಲ್ಲ ಅಂತ. ತಂತಿ, ಪುಲ್‌ಅಪ್ ರೆಸಿಸ್ಟರ್, ವಿಳಾಸ ಮತ್ತೆ ನೋಡಿ. −517 ಅಂದರೆ ಡ್ರೈವರ್ ಇನ್ನಾರಿಗೋ ಕಾಯುತ್ತಿದೆ, ಹೆಚ್ಚಾಗಿ ವೋಲ್ಟೇಜ್ ಪೂರೈಸುವ ರೆಗ್ಯುಲೇಟರ್‌ಗೆ. ಡಿಬಗ್‌ಎಫ್‌ಎಸ್‌ನಲ್ಲಿರುವ (ದೋಷ ಹುಡುಕಲು ಕರ್ನಲ್ ತೆರೆದಿಡುವ ಜಾಗ) ಡಿವೈಸಸ್-ಡಿಫರ್ಡ್ ಫೈಲ್ ತೆರೆದರೆ ಹೀಗೆ ಕಾಯುತ್ತಿರುವವರ ಪಟ್ಟಿಯೇ ಸಿಗುತ್ತದೆ. ಡಿಮೆಸೇಜ್‌ನಲ್ಲಿ ಒಂದೇ ಒಂದು ಸಾಲೂ ಇಲ್ಲದಿದ್ದರೆ ಡ್ರೈವರ್‌ಗೂ ಡಿವೈಸ್ ಟ್ರೀಗೂ ಹೆಸರು ಹೊಂದಿಲ್ಲ. ಚಿಪ್‌ನ ಹೆಸರಿರುವ ಕಂಪ್ಯಾಟಿಬಲ್ ಸಾಲಿನ ಅಕ್ಷರ ಅಕ್ಷರ ಹೋಲಿಸಿ, ಸ್ಟೇಟಸ್ ‘ಓಕೆ’ ಇದೆಯೇ ನೋಡಿ.

ಕೈಯಾರೆ ಮಾಡ್‌ಪ್ರೋಬ್ ಮಾಡಿದರೆ (ಡ್ರೈವರ್ ಮಾಡ್ಯೂಲನ್ನು ಲೋಡ್ ಮಾಡಿದರೆ) ಕೆಲಸ ಮಾಡುತ್ತದೆ, ಬೂಟ್ ಆದಾಗ ತಾನಾಗಿ ಬರುವುದಿಲ್ಲ ಅನ್ನುವುದಾದರೆ ಈಗ ಕೋಡ್ ತೆರೆಯಬಹುದು. ಡ್ರೈವರ್ ಯಾವ ಚಿಪ್‌ಗಳದು ಅಂತ ಹೇಳುವ ಐಡಿ ಪಟ್ಟಿಯ ಕೆಳಗೆ ಮಾಡ್ಯೂಲ್-ಡಿವೈಸ್-ಟೇಬಲ್ ಅನ್ನುವ ಸಾಲು ಬಿಟ್ಟುಹೋಗಿರುತ್ತದೆ. ಎಸ್‌ಪಿಐ ಡ್ರೈವರ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ: ಡಿವೈಸ್ ಟ್ರೀಯ ಪಟ್ಟಿಯೊಂದೇ ಇದ್ದರೆ ಸಾಲದು, ಎಸ್‌ಪಿಐ ಐಡಿ ಪಟ್ಟಿಯೂ ಬೇಕು. ಮಾಡ್ಯೂಲ್ ತಾನಾಗಿ ಲೋಡ್ ಆಗಲು ಎಸ್‌ಪಿಐ ಬಸ್ ಹೊರಹಾಕುವ ಹೆಸರು ಆ ಎರಡನೇ ಪಟ್ಟಿಯ ಧಾಟಿಯದು. ಈಚಿನ ಕರ್ನಲ್‌ಗಳು ಆ ಪಟ್ಟಿ ಇಲ್ಲದಿದ್ದರೆ ಡಿಮೆಸೇಜ್‌ನಲ್ಲಿ ಗೊಣಗುತ್ತವೆ ಕೂಡ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ಎಂಸಿಪಿ3008ರ ಒಳಗೆ ‘ನಾನು ಇಂಥವನು’ ಅಂತ ಹೇಳುವ ರಿಜಿಸ್ಟರ್ (ಚಿಪ್ ಒಳಗೆ ಅಂಕಿ ಇಡುವ ಜಾಗ) ಇಲ್ಲ. ಹಾಗಾಗಿ ಚಿಪ್ಪನ್ನೇ ಕಿತ್ತಿಟ್ಟರೂ ಪ್ರೋಬ್ (ಡ್ರೈವರ್ ಚಿಪ್ಪನ್ನು ವಹಿಸಿಕೊಳ್ಳುವ ಹಂತ) ಯಶಸ್ವಿಯಾಗುತ್ತದೆ, ಡಿವೈಸ್ ಮೂಡುತ್ತದೆ. ಅಲ್ಲಿ ಡಿವೈಸ್ ಕಂಡಿತು ಅಂದ ಮಾತ್ರಕ್ಕೆ ತಂತಿ ಸರಿಯಿದೆ ಅಂತ ಬರೆದುಕೊಳ್ಳಬೇಡಿ.

ಲಕ್ಷಣ: ಸದಾ ಸೊನ್ನೆ, ಅಥವಾ ಸದಾ ತುದಿಯ ಅಂಕಿ

ಪಾಟ್ ತಿರುಗಿಸಿ. ಎಂಸಿಪಿ3008 ಸದಾ 1023 ಅಂದರೆ ಚಿಪ್‌ನಿಂದ ಬೋರ್ಡಿಗೆ ಡೇಟಾ ತರುವ ಎಂಐಎಸ್ಓ ತಂತಿ ಹೈ ಮಟ್ಟದಲ್ಲೇ ನಿಂತಿದೆ, ಸದಾ 0 ಅಂದರೆ ಲೋ ಮಟ್ಟದಲ್ಲಿ ನಿಂತಿದೆ. ಎರಡರಲ್ಲೂ ಚಿಪ್ ಮಾತಾಡುತ್ತಿಲ್ಲ. ಡಿಔಟ್ ಮತ್ತು ಡಿಇನ್ ಅದಲುಬದಲಾಗಿರುವುದು, ಚಿಪ್ ಸೆಲೆಕ್ಟ್ ಬೇರೆ ಪಿನ್‌ಗೆ ಹೋಗಿರುವುದು, ಅನಲಾಗ್ ಗ್ರೌಂಡ್ ಮತ್ತು ಡಿಜಿಟಲ್ ಗ್ರೌಂಡ್ ಪಿನ್‌ಗಳಲ್ಲಿ ಒಂದನ್ನೇ ಜೋಡಿಸಿರುವುದು – ಹೆಚ್ಚಾಗಿ ಇವೇ. ವಿರೆಫ್ ಪಿನ್ನಿನಲ್ಲಿ (ಅಳತೆಗೆ ಆಧಾರವಾದ ವೋಲ್ಟೇಜ್ ಕೊಡುವ ಪಿನ್) ವೋಲ್ಟೇಜ್ ಇದೆಯೇ ಅಂತಲೂ ಅಳೆಯಿರಿ, ಅದನ್ನು ಖಾಲಿ ಬಿಟ್ಟವರು ಬಹಳ.

ಎಡಿಎಸ್1115ರಲ್ಲಿ ಪಾಟ್ ತಿರುಗಿಸುತ್ತಾ ಹೋದಂತೆ ಅಂಕಿ ಏರಿ, ಸುಮಾರು 2.05 ವೋಲ್ಟ್ ದಾಟಿದ ಮೇಲೆ 32767ಕ್ಕೆ ಅಂಟಿಕೊಂಡರೆ ಏನೂ ಕೆಟ್ಟಿಲ್ಲ. ಡ್ರೈವರ್‌ನ ಪೂರ್ವನಿಯೋಜಿತ ರೇಂಜ್ ±2.048 ವೋಲ್ಟ್. ಸಿಸ್‌ಎಫ್‌ಎಸ್‌ನ ಸ್ಕೇಲ್ ಫೈಲ್‌ನಲ್ಲಿ (ಒಂದು ಅಂಕಿಗೆ ಎಷ್ಟು ಮಿಲಿವೋಲ್ಟ್ ಎಂಬುದು) 0.0625 ಕಂಡರೆ ಅದೇ ರೇಂಜ್, ಅದಕ್ಕೆ 0.125 ಬರೆದರೆ ±4.096 ಆಗುತ್ತದೆ.

ಲಕ್ಷಣ: ಮೊದಲ ಸಲ ಸರಿ, ಆಮೇಲೆ ಅದೇ ಅಂಕಿ

ಇದು ನೇರವಾಗಿ ಕೋಡ್‌ನದು. ಪಾಟ್ ಎಷ್ಟು ತಿರುಗಿಸಿದರೂ ಮೊದಲು ಓದಿದ ಅಂಕಿಯೇ ಬರುತ್ತಿದೆ, ಡ್ರೈವರ್ ತೆಗೆದು ಮತ್ತೆ ಹಾಕಿದರೆ ಹೊಸ ಅಂಕಿ ಬಂದು ಅಲ್ಲೇ ನಿಲ್ಲುತ್ತದೆ ಅಂದರೆ ರೆಗ್‌ಮ್ಯಾಪ್‌ನ (ರಿಜಿಸ್ಟರ್ ಓದಿ ಬರೆಯುವ ಕರ್ನಲ್ ಸೌಲಭ್ಯ) ಕ್ಯಾಶ್ ನೋಡಿ. ಅಳೆದ ಅಂಕಿ ಇರುವ ಕನ್ವರ್ಶನ್ ರಿಜಿಸ್ಟರನ್ನು ವೊಲಟೈಲ್ (ತಾನಾಗಿ ಬದಲಾಗುವಂಥದ್ದು) ಅಂತ ಗುರುತಿಸದಿದ್ದರೆ ರೆಗ್‌ಮ್ಯಾಪ್ ಎರಡನೇ ಸಲದಿಂದ ಚಿಪ್‌ನ ಹತ್ತಿರ ಹೋಗುವುದೇ ಇಲ್ಲ, ತನ್ನ ನೆನಪಿನಲ್ಲಿದ್ದದ್ದನ್ನೇ ಕೊಡುತ್ತದೆ. ಲಾಜಿಕ್ ಅನಲೈಸರ್ ಇದ್ದರೆ ಬಸ್ ಮೌನವಾಗಿರುವುದು ಕಾಣಿಸುತ್ತದೆ.

ಲಕ್ಷಣ: ಅಂಕಿ ಚಲಿಸುತ್ತದೆ, ಆದರೆ ಒಂದೇ ಅನುಪಾತದಲ್ಲಿ ತಪ್ಪು

ಐಐಓದ ಕಟ್ಟಳೆ ಸರಳ: ರಾ ಅಂಕಿಗೆ (ಚಿಪ್ ಕೊಟ್ಟ ಹಾಗೆಯೇ ಇರುವ ಅಂಕಿ) ಆಫ್‌ಸೆಟ್ ಕೂಡಿಸಿ, ಬಂದದ್ದನ್ನು ಸ್ಕೇಲ್‌ನಿಂದ ಗುಣಿಸಿದರೆ ಮಿಲಿವೋಲ್ಟ್ ಬರಬೇಕು. ಎಂಸಿಪಿ3008ರ ವಿರೆಫ್ 3300 ಮಿಲಿವೋಲ್ಟ್ ಆದರೆ ಸ್ಕೇಲ್ 3300 ಭಾಗ 1024, ಅಂದರೆ 3.22265625. ರಾ 512 ಬಂದರೆ 1650 ಮಿಲಿವೋಲ್ಟ್. ಮಲ್ಟಿಮೀಟರನ್ನು ಚಿಪ್‌ನ ಇನ್‌ಪುಟ್ ಪಿನ್ ಮೇಲೆಯೇ ಇಟ್ಟು, ಎರಡು ಮೂರು ಬೇರೆ ಬೇರೆ ವೋಲ್ಟೇಜಿನಲ್ಲಿ ರಾ ಮತ್ತು ಸ್ಕೇಲ್ ಎರಡನ್ನೂ ಬರೆದುಕೊಳ್ಳಿ. ತಪ್ಪು ರಾ ಅಂಕಿಯಲ್ಲಿದೆಯೇ ಸ್ಕೇಲ್‌ನಲ್ಲಿದೆಯೇ ಅಂತ ಬೇರ್ಪಡಿಸಿದರೆ ಅರ್ಧ ಕೆಲಸ ಆಯಿತು. ಆಮೇಲೆ ಅನುಪಾತ ನೋಡಿ.

1.5 ಪಟ್ಟಿನ ಹತ್ತಿರ ಹೆಚ್ಚು: ಡಿವೈಸ್ ಟ್ರೀಯಲ್ಲಿ ವಿರೆಫ್ ರೆಗ್ಯುಲೇಟರ್ 5 ವೋಲ್ಟ್ ಅಂತಿದೆ, ತಂತಿ 3.3ಕ್ಕೆ ಹೋಗಿದೆ. ಡ್ರೈವರ್ ಅಳೆಯುವುದಿಲ್ಲ, ನೀವು ಬರೆದದ್ದನ್ನು ನಂಬುತ್ತದೆ. 5 ಭಾಗ 3.3 ಅಂದರೆ 1.515. ಇದೇ ಕಾರಣಕ್ಕೆ ಬೋರ್ಡಿನ 3.3 ವೋಲ್ಟ್ ನಿಜವಾಗಿ 3.27 ಇದ್ದರೆ ರೀಡಿಂಗ್ ಶೇ. 1ರಷ್ಟು ಹೆಚ್ಚು ಬರುವುದು. ಅದಕ್ಕೆ ಡ್ರೈವರನ್ನು ದೂರಬೇಡಿ.

2 ಪಟ್ಟು ಅಥವಾ ಅರ್ಧ: ಬಿಟ್‌ಗಳು ಒಂದು ಮನೆ ಆಚೀಚೆ ಸರಿದಿವೆ. ಎಸ್‌ಪಿಐ ಮೋಡ್ (ಕ್ಲಾಕ್‌ನ ಯಾವ ಅಂಚಿನಲ್ಲಿ ಬಿಟ್ ಓದಬೇಕು ಎಂಬುದು) ತಪ್ಪಿದ್ದರೂ ಹೀಗೆಯೇ ಆಗುತ್ತದೆ, ಕೋಡ್‌ನಲ್ಲಿ ಶಿಫ್ಟ್ ತಪ್ಪಿದ್ದರೂ ಹೀಗೆಯೇ. ಎಂಸಿಪಿ3008 ಮೋಡ್ 0 ಮತ್ತು 3 ಎರಡರಲ್ಲೂ ನಡೆಯುತ್ತದೆ, ಮೊದಲು ಅದನ್ನು ಸರಿಮಾಡಿ. ಚಿಹ್ನೆ ಇರುವ ಎಡಿಸಿಯಲ್ಲಿ 2 ಪಟ್ಟಿನ ತಪ್ಪಿಗೆ ಇನ್ನೊಂದು ಮೂಲವಿದೆ: 16 ಬಿಟ್‌ನಲ್ಲಿ ಒಂದು ಚಿಹ್ನೆಗೆ ಹೋದರೆ ಅಳತೆಗೆ ಉಳಿಯುವುದು 15. ±2.048 ವೋಲ್ಟನ್ನು 2ರ 15ನೇ ಘಾತದಿಂದ ಭಾಗಿಸಬೇಕು. 16 ಬರೆದಿದ್ದರೆ ಅರ್ಧ ಬರುತ್ತದೆ.

16 ಪಟ್ಟು: ಎಡಿಎಸ್1015 ತನ್ನ 12 ಬಿಟ್‌ಗಳನ್ನು 16 ಬಿಟ್ ರಿಜಿಸ್ಟರಿನ ಎಡಕ್ಕೆ ಒತ್ತಿ ಇಡುತ್ತದೆ. 4 ಬಿಟ್ ಬಲಕ್ಕೆ ಸರಿಸುವುದು ಬಿಟ್ಟುಹೋದರೆ 16 ಪಟ್ಟು. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲೋ ಆನ್‌ಲೈನ್‌ನಲ್ಲೋ ಕೊಂಡ ಮಾಡ್ಯೂಲ್ ನಿಜವಾಗಿ ಯಾವ ಚಿಪ್ ಎಂಬ ಅನುಮಾನವಿದ್ದರೂ ಇದೇ ಗುರುತು: ಕನ್ವರ್ಶನ್ ರಿಜಿಸ್ಟರಿನ ಕೊನೆಯ 4 ಬಿಟ್ ಎಂದೆಂದೂ ಸೊನ್ನೆಯಾಗಿದ್ದರೆ ಅದು 1015, ಮೇಲೆ ಏನೇ ಅಚ್ಚಾಗಿರಲಿ.

1000 ಪಟ್ಟು: ಇದು ಪರಿಶೀಲನೆಯಲ್ಲಿ ಕಣ್ತಪ್ಪುವ ಜಾಗ. ರೆಗ್ಯುಲೇಟರ್ ಕೊಡುವುದು ಮೈಕ್ರೋವೋಲ್ಟ್, ಐಐಓ ಕೇಳುವುದು ಮಿಲಿವೋಲ್ಟ್. ನಡುವೆ 1000ದಿಂದ ಒಂದೇ ಒಂದು ಸಲ ಭಾಗಿಸಬೇಕು. ಸ್ಕೇಲನ್ನು ‘ಇಂಟ್ ಪ್ಲಸ್ ಮೈಕ್ರೋ’ ರೂಪದಲ್ಲಿ ಕೊಡುತ್ತಿದ್ದರೆ 0.0625ಕ್ಕೆ ಎರಡನೇ ಅಂಕಿ 62500. ‘ಇಂಟ್ ಪ್ಲಸ್ ನ್ಯಾನೋ’ ಆದರೆ 62500000. ರೂಪ ಬದಲಿಸಿ ಅಂಕಿ ಬದಲಿಸದಿದ್ದರೆ ಸಾವಿರ ಪಟ್ಟು. ಮೈಕ್ರೋಗೆ ಇನ್ನೊಂದು ಮಿತಿಯೂ ಇದೆ: ±0.256 ವೋಲ್ಟ್ ರೇಂಜಿನಲ್ಲಿ ಒಂದು ಹೆಜ್ಜೆ 0.0078125 ಮಿಲಿವೋಲ್ಟ್, ಮೈಕ್ರೋದಲ್ಲಿ ಅದರ ಬಾಲ ಕತ್ತರಿಸಿಹೋಗುತ್ತದೆ. ಛೇದ 2ರ ಘಾತವಾಗಿದ್ದಾಗ ‘ಫ್ರ್ಯಾಕ್ಷನಲ್ ಲಾಗ್2’ ರೂಪವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಿಲಿವೋಲ್ಟ್ ಒಂದು ಕಡೆ, ಬಿಟ್ ಸಂಖ್ಯೆ ಇನ್ನೊಂದು ಕಡೆ, ತಪ್ಪು ಮಾಡಲು ಜಾಗವೇ ಕಡಿಮೆ.

ಅನುಪಾತ ಸರಿಯಿದ್ದು ಎಲ್ಲ ಅಂಕಿಯೂ ಒಂದೇ ಮೊತ್ತದಷ್ಟು ಪಕ್ಕಕ್ಕೆ ಸರಿದಿದ್ದರೆ ಆಫ್‌ಸೆಟ್ ನೋಡಿ. ಅದು ರಾ ಅಂಕಿಯ ಏಕಮಾನದಲ್ಲಿರಬೇಕು; ಡೇಟಾಶೀಟ್‌ನ ಮಿಲಿವೋಲ್ಟನ್ನು ಹಾಗೇ ತಂದು ಹಾಕಿದವರು ಇದ್ದಾರೆ.

ಒಂದೇ ಡ್ರೈವರ್ ಎರಡು ಚಿಪ್‌ಗಳನ್ನು ಹೊತ್ತಾಗ ಸ್ಕೇಲ್ ಪಟ್ಟಿ ಹಂಚಿಕೊಂಡಿದೆಯೇ ಅಂತ ತಪ್ಪದೆ ನೋಡಿ. ಟಿಐ-ಎಡಿಎಸ್1015ರಲ್ಲೇ ಹೀಗಾಗಿತ್ತು: 1015ರ ಸ್ಕೇಲನ್ನೇ 1115ಕ್ಕೂ ತೋರಿಸುತ್ತಿತ್ತು, 2017ರಲ್ಲಿ ಅದನ್ನು ತಿದ್ದಿದರು.

ಲಕ್ಷಣ: ಅಂಕಿ ಹುಚ್ಚುಹುಚ್ಚಾಗಿ ಹಾರುತ್ತದೆ, ಅಥವಾ ಸೊನ್ನೆಯ ಬಳಿ 65535

ಇನ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿ. ಚಿಹ್ನೆ ಇರುವ ಚಾನೆಲ್ ಆದರೆ 0, 1, −1 ಹೀಗೆ ಆಡಬೇಕು. −1 ಬರಬೇಕಾದಲ್ಲಿ 65535 ಬಂದರೆ, 12 ಬಿಟ್ ಚಿಪ್‌ನಲ್ಲಿ 4095 ಬಂದರೆ, ಚಿಹ್ನೆ ವಿಸ್ತರಿಸುವ ಕೆಲಸ ಆಗಿಲ್ಲ. ಸೈನ್-ಎಕ್ಸ್‌ಟೆಂಡ್32 ಕರೆಯನ್ನು ಹುಡುಕಿ ಅದರ ಎರಡನೇ ಆರ್ಗ್ಯುಮೆಂಟ್ ನೋಡಿ. ಅಲ್ಲಿ ಬರೆಯಬೇಕಾದದ್ದು ಬಿಟ್‌ಗಳ ಎಣಿಕೆಯಲ್ಲ, ಚಿಹ್ನೆಯ ಬಿಟ್ ಎಷ್ಟನೆಯದು ಎಂಬುದು, ಅದೂ ಸೊನ್ನೆಯಿಂದ ಎಣಿಸಿ. 12 ಬಿಟ್‌ಗೆ 11. ಅಲ್ಲಿ 12 ಇದ್ದರೆ ಕಂಪೈಲರ್ ಸುಮ್ಮನಿರುತ್ತದೆ, ಧನ ವೋಲ್ಟೇಜಿನ ಪರೀಕ್ಷೆಗಳೆಲ್ಲ ಪಾಸಾಗುತ್ತವೆ, ಋಣ ವೋಲ್ಟೇಜ್ ಬಂದ ದಿನ ಗೊತ್ತಾಗುತ್ತದೆ.

ಪಾಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಅಂಕಿ 256ರ ಹೆಜ್ಜೆಯಲ್ಲಿ ಹಾರುತ್ತಿದ್ದರೆ ಬೈಟ್‌ಗಳು ಅದಲುಬದಲಾಗಿವೆ. ಲೆಕ್ಕ ಹಾಕಿ ನೋಡಿ: ±2.048 ರೇಂಜಿನಲ್ಲಿ 1 ವೋಲ್ಟ್‌ಗೆ ರಾ 16000. ಅದು 62 ಸಲ 256, ಮೇಲೆ 128. ಬೈಟ್ ತಿರುಗಿದರೆ 128 ಸಲ 256, ಮೇಲೆ 62, ಅಂದರೆ 32830; ಚಿಹ್ನೆ ಸೇರಿ −32706. ಮುಂದಿನ ಹೆಜ್ಜೆ 16001 ಬರಬೇಕಾದಲ್ಲಿ −32450. ಈ ಎರಡು ಅಂಕಿ ಕಂಡರೆ ಶಬ್ದ, ಸಡಿಲ ತಂತಿ ಅಂತೆಲ್ಲ ಹುಡುಕುತ್ತಾ ಹೋಗಬೇಡಿ.

ಇಲ್ಲಿ ಎರಡು ಬಲೆಗಳಿವೆ. ಡ್ರೈವರ್ ಲೋಡ್ ಆಗುವ ಮುಂಚೆ ಐ2ಸಿಗೆಟ್‌ನಿಂದ ಎಡಿಎಸ್1115ರ ಕಾನ್ಫಿಗ್ ರಿಜಿಸ್ಟರನ್ನು ವರ್ಡ್ ಆಗಿ ಓದಿದರೆ ಹೆಕ್ಸ್ 8385 ಬರುತ್ತದೆ, ಡೇಟಾಶೀಟ್ 8583 ಅನ್ನುತ್ತದೆ. ಚಿಪ್ ದೊಡ್ಡ ಬೈಟನ್ನು ಮೊದಲು ಕಳಿಸುತ್ತದೆ, ಐ2ಸಿಗೆಟ್ ಬಳಸುವ ಎಸ್‌ಎಂಬಸ್ ಕ್ರಮ ಅದರ ವಿರುದ್ಧ, ಚಿಪ್ ಕೆಟ್ಟಿಲ್ಲ. ಎರಡನೆಯದು ಕೋಡ್‌ನಲ್ಲಿ: 16 ಬಿಟ್ ರೆಗ್‌ಮ್ಯಾಪ್ ತಾನೇ ಬೈಟ್ ತಿರುಗಿಸಿ ಕೊಟ್ಟಿರುತ್ತದೆ, ಅದರ ಮೇಲೆ ಡ್ರೈವರ್ ಬರೆದವರು ಇನ್ನೊಮ್ಮೆ ಬಿಇ16-ಟು-ಸಿಪಿಯು ಹಾಕಿರುತ್ತಾರೆ. ಎರಡು ಸಲ ತಿರುಗಿದ್ದು ಮೊದಲಿನಂತೆಯೇ.

ಲಕ್ಷಣ: ಒಂದು ಚಾನೆಲ್‌ನಲ್ಲಿ ಪಕ್ಕದ ಚಾನೆಲ್‌ನ ನೆರಳು

ಈ ಲಕ್ಷಣ ಹೊತ್ತು ತಿನ್ನುತ್ತದೆ, ಯಾಕೆಂದರೆ ಅನಲಾಗ್ ದೋಷವೂ ಕೋಡ್ ದೋಷವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವ ಪರೀಕ್ಷೆ ಅಗ್ಗದ್ದು. ಚಾನೆಲ್ 0 ಅನ್ನು ಗ್ರೌಂಡಿಗೆ, ಚಾನೆಲ್ 1 ಅನ್ನು 1 ಕಿಲೋಓಮ್ ಮೂಲಕ ಪಾಟ್‌ನಿಂದ ಬರುವ 1.5 ವೋಲ್ಟ್‌ಗೆ ಜೋಡಿಸಿ. 0, 1, 0, 1 ಅಂತ ಬಿಡುವಿಲ್ಲದೆ ಓದುವ ಸಣ್ಣ ಶೆಲ್ ಲೂಪ್ ಓಡಿಸಿ.

ಚಾನೆಲ್ 0ರಲ್ಲಿ ಒಮ್ಮೊಮ್ಮೆ ಪೂರ್ತಿ 1.5 ವೋಲ್ಟೇ ಬಂದರೆ ಅದು ಕೋಡ್: ಹಳೆಯ ಕನ್ವರ್ಶನ್‌ನ ಫಲಿತಾಂಶವನ್ನು ಹೊಸ ಚಾನೆಲ್‌ನದು ಅಂತ ಕೊಟ್ಟಿದೆ. ಎರಡೂ ಸರಿ ಬಂದು, ನಿಮ್ಮ ನಿಜವಾದ ಸೆನ್ಸರ್ ಜೋಡಿಸಿದಾಗ ಮಾತ್ರ ಅಂಕಿ ಪಕ್ಕದ ಕಡೆಗೆ ಸ್ವಲ್ಪ ವಾಲಿದರೆ ಅದು ಅನಲಾಗ್.

ಅನಲಾಗ್‌ನದನ್ನು ಮೊದಲು ಮುಗಿಸೋಣ. ಇನ್ವರ್ಟರ್‌ನ 12 ವೋಲ್ಟ್ ಬ್ಯಾಟರಿ ನೋಡಲು 100 ಕಿಲೋಓಮ್, 22 ಕಿಲೋಓಮ್ ಡಿವೈಡರ್ ಹಾಕಿ ಎಂಸಿಪಿ3008ಕ್ಕೆ ಕೊಟ್ಟಿದ್ದೀರಿ ಅನ್ನಿ. ಚಿಪ್‌ಗೆ ಕಾಣುವ ಮೂಲ ರೋಧ ಸುಮಾರು 18 ಕಿಲೋಓಮ್, ಒಳಗಿನ ಸ್ವಿಚ್‌ನದು ಇನ್ನೊಂದು. ಒಳಗಿನ 20 ಪಿಕೋಫ್ಯಾರಡ್ ಕೆಪಾಸಿಟರ್ ತುಂಬಲು ಸಿಗುವುದು ಒಂದೂವರೆ ಕ್ಲಾಕ್; 1 ಮೆಗಾಹರ್ಟ್ಸ್‌ನಲ್ಲಿ 1.5 ಮೈಕ್ರೋಸೆಕೆಂಡ್. ಕಾಲಸ್ಥಿರಾಂಕ 0.38 ಮೈಕ್ರೋಸೆಕೆಂಡ್, ಅಂದರೆ ನಾಲ್ಕರಷ್ಟು ಮಾತ್ರ. ಹಿಂದಿನ ಚಾನೆಲ್‌ಗೂ ಇದಕ್ಕೂ ಇರುವ ವ್ಯತ್ಯಾಸದಲ್ಲಿ ಶೇ. 2ರ ಹತ್ತಿರ ಉಳಿದುಬಿಡಬಹುದು. 1023ರಲ್ಲಿ 20 ಅಂಕೆ. ಇನ್‌ಪುಟ್ ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಹಾಕಿ, ಅಥವಾ ಡಿವೈಸ್ ಟ್ರೀಯಲ್ಲಿ ಎಸ್‌ಪಿಐ ವೇಗ ಇಳಿಸಿ. ವೇಗ ಇಳಿಸಿದಾಗ ನೆರಳು ಮಾಯವಾದರೆ ರೋಗ ಖಚಿತ. ಹಾಗೆಂದು 10 ಕಿಲೋಹರ್ಟ್ಸ್‌ಗಿಂತ ಕೆಳಗೆ ಹೋಗಬೇಡಿ, ಅಷ್ಟು ನಿಧಾನವಾದರೆ ಹಿಡಿದಿಟ್ಟ ಚಾರ್ಜ್ ಸೋರಿಹೋಗುತ್ತದೆ. ಮೇಲಿನ ಮಿತಿಯೂ ಇದೆ: 5 ವೋಲ್ಟ್‌ನಲ್ಲಿ 3.6 ಮೆಗಾಹರ್ಟ್ಸ್ ತಡೆಯುವ ಇದೇ ಚಿಪ್ 2.7 ವೋಲ್ಟ್‌ನಲ್ಲಿ ತಡೆಯುವುದು 1.35.

ಇನ್ನು ಕೋಡ್. ಎಡಿಎಸ್1115 ಸತತವಾಗಿ ಅಳೆಯುವ ಮೋಡ್‌ನಲ್ಲಿದ್ದಾಗ ಮಕ್ಸ್ (ಚಾನೆಲ್ ಆರಿಸುವ ಸ್ವಿಚ್) ಬದಲಿಸಿದರೆ, ಆಗ ನಡೆಯುತ್ತಿರುವ ಕನ್ವರ್ಶನ್ ಹಳೆಯ ಚಾನೆಲ್‌ನಲ್ಲೇ ಮುಗಿಯುತ್ತದೆ. ಹೊಸ ಚಾನೆಲ್‌ನದು ಅದರ ನಂತರ. ಹಾಗಾಗಿ ಕಾಯಬೇಕಾದ್ದು ಒಂದು ಅವಧಿಯಲ್ಲ, ಹಳೆಯ ದರದ ಒಂದು ಮತ್ತು ಹೊಸ ದರದ ಒಂದು. ಅದರ ಮೇಲೆ ಚಿಪ್‌ನ ಒಳಗಿನ ಆಸಿಲೇಟರ್ ಶೇ. 10ರಷ್ಟು ಆಚೀಚೆ ಆಗಬಹುದು ಅಂತ ಡೇಟಾಶೀಟ್ ಹೇಳುವುದರಿಂದ ಅಷ್ಟು ಸೇರಿಸಬೇಕು. ಸೆಕೆಂಡಿಗೆ 128 ಸ್ಯಾಂಪಲ್ ಅಂದರೆ ಒಂದು ಅವಧಿ 7.8 ಮಿಲಿಸೆಕೆಂಡ್, ಒಟ್ಟು ಕಾಯುವಿಕೆ 17ರ ಹತ್ತಿರ. ಟಿಐ-ಎಡಿಎಸ್1015 ಈಗ ಮಾಡುವುದು ಇದೇ ಲೆಕ್ಕ. ಚಾನೆಲ್ ಬದಲಾದ ಕೂಡಲೇ ಹಳಸಿದ ಫಲಿತಾಂಶ ಬರುತ್ತಿದ್ದುದನ್ನು 2017ರಲ್ಲಿ ಸರಿಪಡಿಸಿದ್ದು ಹೀಗೆ. ನಿಮ್ಮ ಮುಂದಿರುವ ಡ್ರೈವರ್‌ನಲ್ಲಿ ಕಾಯಿಸುವ ಯುಸ್ಲೀಪ್-ರೇಂಜ್‌ಗೆ ಕೊಟ್ಟ ಅಂಕಿ ಎಲ್ಲಿಂದ ಬಂತು ಅಂತ ಕೇಳಿ. ‘ಇಷ್ಟು ಹಾಕಿದೆ, ಕೆಲಸ ಮಾಡಿತು’ ಅನ್ನುವ ಅಂಕಿ ಬೇರೆ ದರದಲ್ಲಿ ಕೈಕೊಡುತ್ತದೆ.

ಲೂಪ್ ಒಂದೇ ಓಡುವಾಗ ಸರಿಯಿದ್ದು, ಎರಡು ಟರ್ಮಿನಲ್‌ನಿಂದ ಒಟ್ಟಿಗೆ ಎರಡು ಚಾನೆಲ್ ಓದಿದಾಗ ಅದಲುಬದಲಾದರೆ ಬೀಗದ ವ್ಯಾಪ್ತಿ ನೋಡಿ. ಮಕ್ಸ್ ಬದಲಿಸುವುದು, ಕಾಯುವುದು, ಓದುವುದು ಮೂರೂ ಒಂದೇ ಮ್ಯೂಟೆಕ್ಸ್ ಬೀಗದ ಒಳಗಿರಬೇಕು. ಪ್ರತಿ ಐ2ಸಿ ವ್ಯವಹಾರಕ್ಕೂ ಬಸ್ಸಿನ ಬೀಗ ಇದೆಯಲ್ಲ ಅನ್ನುವ ವಾದ ಇಲ್ಲಿ ನಿಲ್ಲುವುದಿಲ್ಲ, ಯಾಕೆಂದರೆ ಎರಡು ವ್ಯವಹಾರಗಳ ನಡುವೆ ಇನ್ನೊಬ್ಬರು ನುಗ್ಗಬಹುದು.

ಲಕ್ಷಣ: ಸ್ವಲ್ಪ ಹೊತ್ತು ಬಿಟ್ಟು ಓದಿದರೆ ಮೊದಲ ಅಂಕಿ ಹಳತು

ಓದಿ. ಪಾಟ್ ತಿರುಗಿಸಿ. ಐದಾರು ಸೆಕೆಂಡ್ ಬಿಟ್ಟು ಎರಡು ಸಲ ಬೆನ್ನುಬೆನ್ನಿಗೆ ಓದಿ. ಮೊದಲನೆಯದು ತಿರುಗಿಸುವ ಮುಂಚಿನದು, ಎರಡನೆಯದು ಹೊಸದು ಅಂದರೆ ರನ್‌ಟೈಮ್ ಪಿಎಂ (ಬಳಸದ ಚಿಪ್ಪನ್ನು ಮಲಗಿಸಿ ಪವರ್ ಉಳಿಸುವ ವ್ಯವಸ್ಥೆ) ಮೇಲೆ ಅನುಮಾನ. ಟಿಐ-ಎಡಿಎಸ್1015 ಯಾರೂ ಕೇಳದಿದ್ದರೆ 2 ಸೆಕೆಂಡಿಗೆ ಚಿಪ್ಪನ್ನು ಮಲಗಿಸುತ್ತದೆ. ಎದ್ದ ಮೇಲೆ ಮೊದಲ ಕನ್ವರ್ಶನ್ ಮುಗಿಯುವವರೆಗೆ ರಿಜಿಸ್ಟರ್‌ನಲ್ಲಿ ಇರುವುದು ಮಲಗುವ ಮುಂಚಿನ ಅಂಕಿ.

ಕೋಡ್ ತೆರೆಯದೆ ಖಚಿತಪಡಿಸಿಕೊಳ್ಳಬಹುದು. ಸಿಸ್‌ಎಫ್‌ಎಸ್‌ನಲ್ಲಿ ಆ ಐ2ಸಿ ಡಿವೈಸ್‌ನ ಪವರ್ ಫೋಲ್ಡರ್‌ನ ಕಂಟ್ರೋಲ್ ಫೈಲ್‌ಗೆ ‘ಆನ್’ ಅಂತ ಬರೆಯಿರಿ. ಅದರಿಂದ ಚಿಪ್ ಮಲಗುವುದು ನಿಲ್ಲುತ್ತದೆ. ದೋಷವೂ ನಿಂತರೆ ಚಿಪ್ಪನ್ನು ಎಬ್ಬಿಸುವ ರೆಸ್ಯೂಮ್ ಕಾಲ್‌ಬ್ಯಾಕ್ ಓದಿ: ಎದ್ದಿದ್ದೇವೆ ಅಂತ ಗುರುತು ಹಾಕುತ್ತದೆಯೇ, ಓದುವ ಕಡೆ ಆ ಗುರುತು ನೋಡಿ ಕಾಯುತ್ತದೆಯೇ. ಕರ್ನಲ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಆಯ್ಕೆಯನ್ನೇ ತೆಗೆದು ಕಟ್ಟಿದರೆ ರೆಸ್ಯೂಮ್ ಎಂದೂ ಓಡುವುದಿಲ್ಲ. ಆಗ ಚಿಪ್ಪನ್ನು ಯಾರು ಎಬ್ಬಿಸುತ್ತಾರೆ ಎಂಬ ಪ್ರಶ್ನೆಯನ್ನೂ ಕೇಳಿ, ಪ್ರೋಬ್‌ನಲ್ಲೇ ಅದಾಗಬೇಕು.

ದೋಷ ಬಂದು ಹಿಂತಿರುಗುವ ದಾರಿಗಳನ್ನೂ ಓದಿ. ಪಿಎಂ-ರನ್‌ಟೈಮ್-ಗೆಟ್-ಸಿಂಕ್ ಸೋತರೂ ಚಿಪ್ ಬಳಸುತ್ತಿರುವವರ ಎಣಿಕೆಯನ್ನು ಏರಿಸಿಯೇ ಇರುತ್ತದೆ. ಇಳಿಸದೆ ಹಿಂತಿರುಗಿದರೆ ಚಿಪ್ ಮತ್ತೆಂದೂ ಮಲಗುವುದಿಲ್ಲ. ಇದು ರೀಡಿಂಗ್‌ನಲ್ಲಿ ಕಾಣುವುದಿಲ್ಲ, ಬ್ಯಾಟರಿಯಲ್ಲಿ ಕಾಣುತ್ತದೆ. ಎಣಿಕೆಯನ್ನು ತಾನೇ ಇಳಿಸುವ ರೆಸ್ಯೂಮ್-ಅಂಡ್-ಗೆಟ್ ರೂಪ ಈಗ ಇದೆ, ಹೊಸ ಕೋಡ್‌ನಲ್ಲಿ ಅದನ್ನೇ ಕೇಳಿ.

ಲಕ್ಷಣ: ಕೊನೆಯ ಅಂಕಿಗಳು ನಿಲ್ಲದೆ ನಡುಗುತ್ತವೆ

ಬಹುಪಾಲು ಡ್ರೈವರ್‌ನದಲ್ಲ. ಇನ್‌ಪುಟ್ಟನ್ನು ಚಿಪ್‌ನ ಬುಡದಲ್ಲೇ ಗ್ರೌಂಡ್ ಮಾಡಿ. ನಡುಕ ನಿಂತರೆ ತಂತಿ ಹಿಡಿದು ತರುತ್ತಿರುವ ಶಬ್ದ. 20 ಮಿಲಿಸೆಕೆಂಡಿನ ಅವಧಿಗೆ ಸರಾಸರಿ ಮಾಡಿದಾಗ ತಗ್ಗಿದರೆ 50 ಹರ್ಟ್ಸ್ ಕರೆಂಟಿನದು. ವೈಫೈ ಓಡಿದಾಗ ಹೆಚ್ಚಾದರೆ ವಿರೆಫ್ ಬೋರ್ಡಿನ 3.3 ವೋಲ್ಟನ್ನೇ ಹಂಚಿಕೊಂಡಿದೆ.

ಲಕ್ಷಣ: ಸಿಸ್‌ಎಫ್‌ಎಸ್‌ನಲ್ಲಿ ಸರಿ, ಬಫರ್‌ನಲ್ಲಿ ಕಸ

ಬಫರ್ ಮೋಡ್‌ನಲ್ಲಿ (ಅಂಕಿಗಳನ್ನು ಸಾಲಾಗಿ ತುಂಬಿ ಕಳಿಸುವ ಬಗೆ) ಡ್ರೈವರ್ ಅಂಕಿಯನ್ನು ತಾನು ಬಿಡಿಸದೆ, ಹೇಗಿದೆಯೋ ಹಾಗೆ ಕೊಟ್ಟು, ಬಿಡಿಸುವ ಬಗೆಯನ್ನು ಟೈಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಎಡಿಎಸ್1015ರದು ಎಆರ್‌ಎಂ ಬೋರ್ಡಿನಲ್ಲಿ ‘ಎಲ್ಇ:ಎಸ್12/16>>4’ ಅಂತ ಬರುತ್ತದೆ: ಚಿಹ್ನೆ ಇದೆ, 16ರಲ್ಲಿ 12 ಬಿಟ್ ನಿಜ, 4 ಬಲಕ್ಕೆ ಸರಿಸಿಕೊಳ್ಳಿ. ಇದನ್ನು ಓದದ ಬಳಕೆದಾರ ಪ್ರೋಗ್ರಾಂ 16 ಪಟ್ಟು ತೋರಿಸುತ್ತದೆ, ಬೈಗುಳ ಡ್ರೈವರ್‌ಗೆ. ಟೈಪ್ ಫೈಲ್‌ಗೂ ಡೇಟಾಶೀಟ್‌ಗೂ ತಾಳೆಯಿದ್ದರೆ ತಪ್ಪು ಬಳಕೆದಾರ ಪ್ರೋಗ್ರಾಂನದು.

ಚಾನೆಲ್ ಅಂಕಿ ಸರಿ, ಟೈಮ್‌ಸ್ಟ್ಯಾಂಪ್ ಮಾತ್ರ ಅಸಂಬದ್ಧ ಅಂದರೆ ಜೋಡಣೆ ನೋಡಿ. ಟೈಮ್‌ಸ್ಟ್ಯಾಂಪ್ 8 ಬೈಟ್ ಗಡಿಯ ಮೇಲೇ ಕೂರಬೇಕು. 2 ಬೈಟ್ ಅಂಕಿಯ ಮುಂದೆ 6 ಬೈಟ್ ಖಾಲಿ ಬರುತ್ತದೆ. ಆ ಖಾಲಿಯನ್ನು ಸೊನ್ನೆ ಮಾಡಿರಬೇಕು. ಸ್ಟ್ಯಾಕ್ ಮೇಲಿನ ಸ್ಟ್ರಕ್ಟನ್ನು ಸೊನ್ನೆ ಮಾಡದೆ ತಳ್ಳಿದರೆ ಕರ್ನಲ್ ನೆನಪಿನ ಚೂರುಗಳು ಬಳಕೆದಾರನ ಕೈಗೆ ಹೋಗುತ್ತವೆ. ಅಂಕಿ ಸರಿಯಾಗಿಯೇ ಬರುವುದರಿಂದ ಯಾರೂ ದೂರು ಕೊಡುವುದಿಲ್ಲ, ಪರಿಶೀಲಿಸುವವರೇ ಹಿಡಿಯಬೇಕು.

ಒಂದು ಬೋರ್ಡಿನಲ್ಲಿ ಸರಿ, ಇನ್ನೊಂದರಲ್ಲಿ ಕಸ ಅಂದರೆ ಎಸ್‌ಪಿಐಗೆ ಕೊಟ್ಟ ಬಫರ್ ಎಲ್ಲಿದೆ ಹುಡುಕಿ. ಸ್ಟ್ಯಾಕ್ ಮೇಲಿನ ಬಫರನ್ನು ಡಿಎಂಎಗೆ (ಸಿಪಿಯು ನೆರವಿಲ್ಲದೆ ಹಾರ್ಡ್‌ವೇರೇ ನೆನಪಿಗೆ ಬರೆಯುವ ಬಗೆ) ಕೊಡಬಾರದು. ಡ್ರೈವರ್‌ನ ಸ್ಟೇಟ್ ಸ್ಟ್ರಕ್ಟ್‌ನ ಕೊನೆಯಲ್ಲಿ, ಐಐಓ-ಡಿಎಂಎ-ಮಿನ್‌ಅಲೈನ್ ಗುರುತಿನೊಂದಿಗೆ ಇರಬೇಕು. ಇಲ್ಲದಿದ್ದರೆ ಅದೇ ಕ್ಯಾಶ್ ಲೈನ್‌ನಲ್ಲಿರುವ ಇತರ ಸದಸ್ಯರು ಹಾಳಾಗುತ್ತಾರೆ.

ಲಕ್ಷಣ: ಡ್ರೈವರ್ ತೆಗೆಯುವಾಗ ಕರ್ನಲ್ ಊಪ್ಸ್

ಪ್ರಯೋಗಕ್ಕಿಟ್ಟ ಬೋರ್ಡಿನಲ್ಲಿ ಮಾತ್ರ: ಒಂದು ಟರ್ಮಿನಲ್‌ನಲ್ಲಿ ಓದುವ ಲೂಪ್ ಬಿಟ್ಟು, ಇನ್ನೊಂದರಲ್ಲಿ ಅನ್‌ಬೈಂಡ್-ಬೈಂಡ್ ಮಾಡುತ್ತಿರಿ. ಕರ್ನಲ್ ಬಿದ್ದರೆ (ಊಪ್ಸ್ ಅಂದರೆ ಅದೇ) ಪ್ರೋಬ್ ಮತ್ತು ರಿಮೂವ್ ಅಕ್ಕಪಕ್ಕ ಇಟ್ಟು ಓದಿ. ರಿಜಿಸ್ಟರ್ ಮಾಡುವುದು ಡೆವ್‌ಎಂ (ಕರ್ನಲ್ ತಾನೇ ಕೊನೆಗೆ ಬಿಡಿಸುವ) ರೂಪದಲ್ಲಿದ್ದು, ರೆಗ್ಯುಲೇಟರ್ ಆಫ್ ಮಾಡುವುದು ಕೈಯಿಂದ ಬರೆದ ರಿಮೂವ್‌ನಲ್ಲಿದ್ದರೆ ಕ್ರಮ ತಲೆಕೆಳಗಾಗಿದೆ: ರಿಮೂವ್ ಮೊದಲು ಓಡುತ್ತದೆ, ಡಿವೈಸ್ ಫೈಲ್‌ಗಳು ಇನ್ನೂ ಬದುಕಿರುವಾಗಲೇ ಪವರ್ ಹೋಗಿರುತ್ತದೆ. ಪೂರ್ತಿ ಡೆವ್‌ಎಂ ಮಾಡಿ, ಇಲ್ಲವೇ ಪೂರ್ತಿ ಕೈಯಿಂದ ಮಾಡಿ. ಪ್ರೋಬ್‌ನಲ್ಲಿ ಐಐಓ ರಿಜಿಸ್ಟರ್ ಕಟ್ಟಕಡೆಯ ಕೆಲಸವಾಗಿರಲಿ, ಅದಾದ ಕ್ಷಣದಿಂದ ಯಾರಾದರೂ ಓದಬಹುದು.

ಎಲ್ಲಿ ನಿಲ್ಲಿಸಬೇಕು

ಚಿಪ್ ಬೆರಳಿಗೆ ಬಿಸಿ ತಾಕಿದರೆ ತಕ್ಷಣ ಪವರ್ ತೆಗೆಯಿರಿ. ಹಾಗೆ ಒಮ್ಮೆ ಕಾದ ಚಿಪ್‌ನ ಅಂಕಿ ನಂಬಿ ಕೋಡ್ ತಿದ್ದಬೇಡಿ, ಬೇರೆ ಚಿಪ್ ಹಾಕಿ. ಅದೇ ಮಾದರಿಯ ಎರಡನೇ ಚಿಪ್‌ನಲ್ಲಿ ದೋಷ ಕಾಣದಿದ್ದರೂ ಕೋಡನ್ನು ಬಿಟ್ಟುಬಿಡಿ. ಚಾರ್ಜರ್, ವೈದ್ಯಕೀಯ ಸಾಧನ, ಕಾರ್ಖಾನೆಯ ನಿಯಂತ್ರಣ ಇವಕ್ಕೆ ಜೋಡಿಸಿದ ಎಡಿಸಿ ಆದರೆ ಓದುವುದರಲ್ಲೇ ನಿಲ್ಲಿಸಿ, ಬದಲಾವಣೆಯನ್ನು ಆ ಯಂತ್ರದ ಹೊಣೆ ಹೊತ್ತವರ ಕೈಗೆ ಬಿಡಿ.

ಡ್ರೈವರ್ ನಿರ್ವಾಹಕರಿಗೆ ಬರೆಯುವ ಹಂತ ಬಂದರೆ, ಅದಕ್ಕೂ ಮುಂಚೆ ಹೊಸ ಕರ್ನಲ್‌ನಲ್ಲಿ ಒಮ್ಮೆ ನೋಡಿ. ಎಡಿಎಸ್1015ರ ಕತೆಯಂತೆ ಎಂದೋ ತಿದ್ದಿರಬಹುದು. ಬರೆಯುವಾಗ ಕರ್ನಲ್ ಆವೃತ್ತಿ, ಬೋರ್ಡ್, ಡಿವೈಸ್ ಟ್ರೀಯ ಆ ಒಂದು ನೋಡ್, ಡಿಮೆಸೇಜ್‌ನ ಸಂಬಂಧಪಟ್ಟ ಸಾಲುಗಳು ಕಳಿಸಿ. ಜೊತೆಗೆ ಮೂರು ವೋಲ್ಟೇಜ್‌ಗಳಲ್ಲಿ ಮೀಟರ್ ತೋರಿಸಿದ್ದು, ರಾ, ಸ್ಕೇಲ್ – ಈ ಮೂರು ಕಾಲಮ್‌ನ ಸಣ್ಣ ಪಟ್ಟಿ. ‘ರೀಡಿಂಗ್ ತಪ್ಪು ಬರುತ್ತಿದೆ’ ಅಂತಷ್ಟೇ ಬರೆದರೆ ಅವರು ಮೊದಲು ಕೇಳುವುದು ಆ ಪಟ್ಟಿಯನ್ನೇ.